ತವರಿನಲ್ಲಿ ಸಿಗದ ಸೀಟು

ನನ್ನ ಅತ್ತೆ ಮುಖಕ್ಕೆ ಹೊಡೆದ ಹಾಗೆ ಮಾತಾಡುವವರು. ಅವ್ವ ಹಾಗಲ್ಲ. ಅವ್ವನ ಬಾಯಲ್ಲಿ 'ಇಲ್ಲ' ಅನ್ನುವ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಡಬ್ಬಿಯಲ್ಲಿ ಅಕ್ಕಿ ತೀರಿದರೆ 'ತೀರಿತು' ಅನ್ನಬಾರದು, 'ತುಂಬೇತಿ' ಅನ್ನಬೇಕು ಎಂದು ನಮಗೆ ಕಲಿಸಿದವಳೇ ಅವಳು. ಇಡೀ ಧಾರವಾಡವೇ ಹಾಗೆ ಅಂತ ಹೊರಗಿನವರು ಹೊಗಳುತ್ತಾರೆ. ಎಷ್ಟು ಮೆತ್ತನೆಯ ಮಾತು, ಎಷ್ಟು ಮರ್ಯಾದೆ! ಮದುವೆಯಾಗಿ ಮಾಳಮಡ್ಡಿಯ ತವರು ಬಿಟ್ಟು ಉಣಕಲ್ಲಿನ ಗಂಡನ ಮನೆಗೆ ಬಂದ ಹೊಸತರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಅತ್ತೆಯ ಒರಟು ಮಾತು ಕೇಳಿ ಹಿತ್ತಲಲ್ಲಿ ನಿಂತು ಅಳುವುದು, ಆಮೇಲೆ ಅವ್ವನಿಗೆ ಫೋನು ಹಚ್ಚಿ ಸಮಾಧಾನ ಮಾಡಿಸಿಕೊಳ್ಳುವುದು, ಇದೇ ಆಗಿತ್ತು ನನ್ನ ಬಾಳು. ಈಗ ಯಾರಾದರೂ ಧಾರವಾಡದ ಮೆತ್ತನೆಯ ಮಾತನ್ನು ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಗಂಡನ ಮನೆಯವರದು ಒಂದು ಖಾನಾವಳಿ. ಮನೆಯ ಮುಂದಿನ ಪಡಸಾಲೆಯಲ್ಲೇ ಮೇಜು, ಬೆಂಚು ಹಾಕಿ, ಮಧ್ಯಾಹ್ನ ಬಂದವರಿಗೆ ಜೋಳದ ರೊಟ್ಟಿ, ಕಾಳುಪಲ್ಯ, ಝುಣಕ, ಅನ್ನ, ಸಾರು ಬಡಿಸುವುದು. ಅತ್ತೆ ಬೆಳಗಿನಿಂದ ರೊಟ್ಟಿ ಬಡಿಯುತ್ತಾರೆ, ನಾನು ಬೇಯಿಸುತ್ತೇನೆ. ಗಂಡನಿಗೆ ಕಾರ್ಖಾನೆಯಲ್ಲಿ ರಾತ್ರಿಪಾಳಿ, ಹಗಲೆಲ್ಲ ನಿದ್ದೆ. ಬಾಗಿಲ ಪಕ್ಕದ ಕರಿ ಹಲಗೆಯ ಮೇಲೆ ಅವತ್ತಿನ ಅಡುಗೆಯ ಹೆಸರು ಬರೆಯುವುದು ನನ್ನ ಕೆಲಸ. ಬಿ.ಎ. ಓದಿದವಳು ಮನೆಯಲ್ಲಿ ನಾನೊಬ್ಬಳೇ, ಅಕ್ಷರವೂ ದುಂಡಗೆ. ಊಟಕ್ಕೆ ಬರುವ ಟೆಂಪೋದವರು "ಏನ್ರಿ ಅಕ್ಕೋರ, ಇವತ್ತ ಯಾವ ಪಾಠ?" ಎಂದು ಚೇಷ್ಟೆ ಮಾಡುವರು. ಸಾಲಿಯಲ್ಲಿ ಕಲಿಸುವ ಹೆಂಗಸಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಅವರದು ಚೇಷ್ಟೆಯೇ ಇರಬಹುದು, ನನಗೆ ಮಾತ್ರ ಆ ಮಾತು ಒಳಗೆಲ್ಲೋ ಹೋಗಿ ಕೂರುತ್ತಿತ್ತು. ಹಲಗೆ ಸಿಕ್ಕಿದೆ, ಸುಣ್ಣದಕಡ್ಡಿ ಸಿಕ್ಕಿದೆ, ಮುಂದೆ ಮಂದಿಯೂ ಕೂತಿದ್ದಾರೆ, ಬರೆಯುವುದು ಮಾತ್ರ ಬದನೆಕಾಯಿ ಎಣ್ಣೆಗಾಯಿ.

ಮಗಳಿಗೆ ಮೂರು ತುಂಬಿದ ವರ್ಷ ನಾನು ಬಿ.ಎಡ್ ಮಾಡುತ್ತೇನೆ ಎಂದು ಮನೆಯಲ್ಲಿ ಬಾಯಿಬಿಟ್ಟೆ. ಅತ್ತೆ ಹಿಟ್ಟಿನ ಕೈ ಎತ್ತದೆ ಹೇಳಿದರು, "ಕಲಿ. ನಾ ಬ್ಯಾಡ ಅನ್ನೂದಿಲ್ಲ. ರೊಟ್ಟಿಗೆ ಒಬ್ಬಾಕಿನ್ನ ಹಚ್ಕೋತೇನಿ. ಆದರ ಕೂಸಿನ್ನ ನನ್ನ ಕೊಳ್ಳಿಗೆ ಕಟ್ಟಬ್ಯಾಡ. ಒಲಿ ಮುಂದ ಕುಂತಾಕಿ ಕೂಸಿನ ಹಿಂದ ಓಡಾಕ ಆಗಂಗಿಲ್ಲ. ಆಗಂಗಿಲ್ಲ ಅಂದ್ರ ಆಗಂಗಿಲ್ಲ."

ಗಂಡ ಹಾಸಿಗೆಯಿಂದಲೇ ತನ್ನ ತೀರ್ಪು ಕೊಟ್ಟ. "ನಿಮ್ಮವ್ವ ನೋಡ್ಕೋತೇನಿ ಅಂದ್ರ ಹೋಗು. ಯಾರೋ ಮಂದಿ ಕೈಯಾಗ ಕೂಸಿನ್ನ ಬಿಡೂದು ನನಗ ಬರೂದಿಲ್ಲ. ಹಂಗಿದ್ರ ಈ ಮಾತ ಬ್ಯಾಡ."

ಅಂಗನವಾಡಿ ಇದೆಯಲ್ಲ ಅಂದೆ. ಅದು ಮಧ್ಯಾಹ್ನಕ್ಕೇ ಮುಚ್ಚುತ್ತದೆ, ಬಿ.ಎಡ್ ಕಾಲೇಜು ಸಂಜೆಯವರೆಗೆ. ಆಮೇಲೆ ಯಾರು? ಅಂತೂ ನನ್ನ ಓದು ಪೂರ್ತಿ ಅವ್ವನ ಒಂದು ಮಾತಿನ ಮೇಲೆ ನಿಂತಿತು.

ಮರುದಿನವೇ ಮಗಳನ್ನು ಎತ್ತಿಕೊಂಡು ಮಾಳಮಡ್ಡಿಗೆ ಹೋದೆ. ಅಪ್ಪ ತೀರಿಹೋದ ಮೇಲೆ ಆ ಮನೆಯಲ್ಲಿ ಅವ್ವ, ತಮ್ಮ, ತಮ್ಮನ ಹೆಂಡತಿ, ಅವರ ಪುಟ್ಟ ಗಂಡುಕೂಸು. ತಮ್ಮ ಕೋರ್ಟಿನಲ್ಲಿ ಗುಮಾಸ್ತ. ಅವ್ವ ನನ್ನ ಮಾತನ್ನು ಪೂರ್ತಿ ಕೇಳಲೇ ಇಲ್ಲ. "ಅಯ್ಯ ಶಿವನ, ಇಷ್ಟ ಕೇಳಾಕ ಬಸ್ ಹತ್ತಿ ಬಂದೀಯೇನ ಹುಚ್ಚಿ? ನಾ ಇದ್ದೇನಲ್ಲ! ವಾರಪೂರ್ತಿ ಇಲ್ಲೇ ಇರು, ರವಿವಾರ ನಿನ್ನ ಮನಿಗೆ ಹೋಗು. ಕೂಸು ನನ್ನ ತೊಡಿ ಮ್ಯಾಲ ಬೆಳೀತೈತಿ. ನೀ ಅಕ್ಕೋರು ಆಗೂದನ್ನ ನೋಡೇ ನಾ ಕಣ್ಣು ಮುಚ್ಚಬೇಕು."

ಅವ್ವನಿಗೆ ಅಕ್ಕೋರು ಅಂದರೆ ಒಂದು ಹುಚ್ಚು. ಅವಳು ಹುಡುಗಿಯಾಗಿದ್ದಾಗ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದಳು. ಮುಂದೆ ಓದಿಸಲಿಲ್ಲ. ಓಣಿಯಲ್ಲಿ ಅಕ್ಕೋರುಗಳು ಛತ್ರಿ, ಡಬ್ಬಿ ಹಿಡಿದು ಸಾಲಿಗೆ ಹೊರಟರೆ ಅವ್ವ ಕಸಬರಿಗೆ ಕೈಯಲ್ಲೇ ಹಿಡಿದು ಅವರು ತಿರುವು ದಾಟುವ ತನಕ ನೋಡುತ್ತಿದ್ದಳು. ಅವರ ಸೀರೆಯ ನೆರಿಗೆ, ನಡಿಗೆ, ಮಾತು ಎಲ್ಲ ಅವಳಿಗೆ ಬಾಯಿಪಾಠ. ಹೀಗಾಗಿ ಅವಳ ಮಾತಿನ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಹೆತ್ತವ್ವನ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ? ಬಸ್ಸಿನಲ್ಲಿ ಹೊಳ್ಳಿ ಬರುವಾಗ ಮಗಳಿಗೆ ಮುತ್ತು ಕೊಟ್ಟು ಕೊಟ್ಟು ಅವಳು ಬೇಸತ್ತು ಕಿರುಚಿದಳು.

ಅರ್ಜಿ ಹಾಕುವುದು ಅಂದರೆ ಕಾಗದಗಳ ಹಿಂದೆ ಓಡುವುದು. ಹತ್ತನೇ ಇಯತ್ತೆಯ ಅಂಕಪಟ್ಟಿ, ಡಿಗ್ರಿಯ ಅಂಕಪಟ್ಟಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಸಾಲಿಯಿಂದ ಬರೆಸಿ ತರುವ ಇನ್ನೊಂದು ಪತ್ರ. ನಾನು ಕಲಿತ ಪ್ರಾಥಮಿಕ ಸಾಲಿಗೆ ಹೋದರೆ ಹೆಡ್ ಮಾಸ್ತರರು ಮೀಟಿಂಗಿಗೆ ಹೋಗಿದ್ದರು. ಮತ್ತೆ ಹೋದರೆ ಶಿಕ್ಕಾ ಇಟ್ಟ ಕಪಾಟಿನ ಕೀಲಿ ಇರಲಿಲ್ಲ. ಮತ್ತೊಮ್ಮೆ ಹೋದಾಗ ಕೀಲಿ ಇತ್ತು, ಶಿಕ್ಕಾದ ಮಸಿ ಒಣಗಿತ್ತು. "ಮಸಿ ನಾ ತರ್ಲೇನ್ರಿ ಸರ?" ಎಂದು ಕೇಳಿದೆ. ಅವರು ನಗಲಿಲ್ಲ, ಎಂಜಲು ಹಚ್ಚಿ ಒತ್ತಿಕೊಟ್ಟರು. ಖಾನಾವಳಿಯ ಗದ್ದಲ ಮುಗಿಸಿ, ಪಾತ್ರೆ ತೊಳೆದು, ಒದ್ದೆ ಸೆರಗಿನಲ್ಲೇ ನಾನು ಈ ಎಲ್ಲ ಓಡಾಟ ಮಾಡಿದ್ದು. ಆದರೂ ಆ ದಿನಗಳಲ್ಲಿ ನನಗೆ ದಣಿವು ಅನ್ನುವುದೇ ಗೊತ್ತಾಗಲಿಲ್ಲ.

ಆಗಲೇ ತಮ್ಮನ ಹೆಂಡತಿ ಫೋನು ಮಾಡಿದ್ದು. ಮುಗದದ ಒಕ್ಕಲುತನದ ಮನೆಯ ಹುಡುಗಿ, ನನ್ನ ಹಾಗೇ ಬಿ.ಎ. ಆದವಳು. ನನ್ನನ್ನು ಅಕ್ಕಾ ಅನ್ನುತ್ತಿದ್ದಳು, ಬಹುವಚನ ಬಿಟ್ಟು ಮಾತಾಡಿದವಳಲ್ಲ. "ಅಕ್ಕಾ, ನೀವು ಹೆಂಗಿದ್ರೂ ಹಾಕಾಕತ್ತೀರಿ. ನಂದೂ ಒಂದು ಅರ್ಜಿ ಹಾಕ್ರಿ. ಸೀಟು ಬಂದ್ರ ಬರ್ಲಿ, ಬಿಟ್ರ ಬಿಡ್ಲಿ. ನನಗ ಇದೆಲ್ಲ ತಿಳಿಯೂದಿಲ್ಲ ನೋಡ್ರಿ."

ನನಗೆ ಖರೇ ಖುಷಿಯಾಯಿತು. ಇಬ್ಬರೂ ಕೂಡಿ ಹೋಗುವುದು, ಕೂಡಿ ಡಬ್ಬಿ ಬಿಚ್ಚುವುದು, ಪರೀಕ್ಷೆ ಹತ್ತಿರ ಬಂದಾಗ ಒಬ್ಬರಿಗೊಬ್ಬರು ಪ್ರಶ್ನೆ ಕೇಳುವುದು, ಇಷ್ಟೆಲ್ಲ ಮನಸ್ಸಿನಲ್ಲೇ ಕಟ್ಟಿಬಿಟ್ಟೆ. ಅವಳು ಹಳ್ಳಿಯಲ್ಲಿ ಓದಿದವಳು, ಗ್ರಾಮೀಣ ಮೀಸಲಾತಿಯ ಪತ್ರ ತಂದರೆ ಸೀಟು ಸಿಗುವುದು ಸಲೀಸು ಎಂದು ಅವಳಿಗೆ ಹೇಳಿಕೊಟ್ಟವಳೇ ನಾನು. ಅದನ್ನು ತರಲು ಅವಳ ಜೊತೆ ಮುಗದಕ್ಕೂ ಹೋದೆ. ಅವಳ ಅವ್ವ, ಅಪ್ಪ ಅವತ್ತು ಹೊಲದಲ್ಲಿದ್ದರು, ಮನೆಗೆ ಕೀಲಿ. ಸಾಲಿಯಿಂದ ಪತ್ರ ಬರೆಸಿಕೊಂಡು ಬಸ್ಸಿನಲ್ಲಿ ಬರುವಾಗ ನಾನೇ ಕೇಳಿದೆ, "ಅಲ್ಲವಾ, ನನ್ನ ಮಗಳಿನ್ನ ಅವ್ವ ನೋಡ್ಕೋತಾಳ. ನಿನ್ನ ಮಗನ್ನ ಯಾರು ನೋಡ್ತಾರ? ಅವ್ವಗ ಮೊಳಕಾಲ ನೋವು, ಎರಡು ಕೂಸು ಆಗೂದಿಲ್ಲ."

"ನಮ್ಮವ್ವ ಬರ್ತಾಳ್ರಿ ಅಕ್ಕಾ," ಅಂದಳು. ಕಿಟಕಿಯ ಹೊರಗೆ ನೋಡುತ್ತಿದ್ದಳು. "ಎಲ್ಲಾ ಮಾತಾಡೇನಿ. ಬಂದು ಇಲ್ಲೇ ಇರ್ತಾಳ."

ಆತು ಬಿಡು, ಛಲೋ ಆತು ಅಂದೆ. ಮುಂದೆ ಅವಳ ಅರ್ಜಿ ತುಂಬಿಸಿದ್ದು, ದಾಖಲೆ ಪರಿಶೀಲನೆಗೆ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದ್ದು, ಕಾಗದಗಳನ್ನು ಯಾವುದರ ಕೆಳಗೆ ಯಾವುದು ಎಂದು ಜೋಡಿಸಿಕೊಟ್ಟಿದ್ದು ಎಲ್ಲ ನಾನು. ಯಾವ ಕಾಲೇಜು ಮೊದಲು ಬೇಕು ಎಂದು ಕಂಪ್ಯೂಟರಿನಲ್ಲಿ ಆಯ್ಕೆ ಹಾಕುವ ದಿನ ಅವಳು ನನ್ನ ಬೆನ್ನ ಹಿಂದೆ ನಿಂತು "ನೀವು ಹಾಕಿದ್ದ ನಂಗೂ ಹಾಕ್ರಿ ಅಕ್ಕಾ" ಅಂದಳು. ಮಾಳಮಡ್ಡಿಯಿಂದ ನಡೆದು ಹೋಗುವಷ್ಟು ಹತ್ತಿರದ ಕಾಲೇಜನ್ನು ಇಬ್ಬರಿಗೂ ಮೊದಲ ಸ್ಥಾನದಲ್ಲಿ ಹಾಕಿದೆ. ಝೆರಾಕ್ಸ್ ಅಂಗಡಿಯಾತ "ಅಕ್ಕ ತಂಗಿ ಏನ್ರಿ?" ಎಂದು ಕೇಳಿದ. ಹೌದ್ರಿ ಅಂದೆ. ಎಂಥ ಹುಚ್ಚು ಖೋಡಿ ನಾನು!

ಇಬ್ಬರಿಗೂ ಅದೇ ಕಾಲೇಜು ಸಿಕ್ಕಿತು. ಫೋನಿನ ಪರದೆಯ ಮೇಲೆ ನನ್ನ ಹೆಸರು, ಅದರ ಮುಂದೆ ಕಾಲೇಜಿನ ಹೆಸರು ನೋಡಿದಾಗ ನಾನು ಒಲೆಯ ಮುಂದೆ ಇದ್ದೆ. ಹಂಚಿನ ಮೇಲಿನ ರೊಟ್ಟಿ ಕರಕಲಾಗಿ ಹೊಗೆ ಎದ್ದರೂ ಗೊತ್ತಾಗಲಿಲ್ಲ. ಅತ್ತೆ ಓಡಿ ಬಂದು ಹಂಚು ಇಳಿಸಿ, ಬಯ್ಯಲು ಬಾಯಿ ತೆರೆದವರು ನನ್ನ ಮುಖ ನೋಡಿ ಸುಮ್ಮನಾದರು. "ಬಂತೇನು?" ಅಂದರು. ಬಂತು ಅಂದೆ. ಅವತ್ತು ಮಧ್ಯಾಹ್ನ ಊಟಕ್ಕೆ ಬಂದವರಿಗೆಲ್ಲ ಅತ್ತೆಯೇ ಸುದ್ದಿ ಹೇಳಿದರು, "ನಮ್ಮ ಸೊಸಿಗೆ ಸರ್ಕಾರಿ ಸೀಟು ಸಿಕ್ಕೇತಿ. ಇನ್ನ ಅಕಿ ನಿಮಗ ರೊಟ್ಟಿ ಹಾಕಂಗಿಲ್ಲ, ಛಡಿ ಹಿಡೀತಾಳ." ಟೆಂಪೋದವರು ಎದ್ದು ನಿಂತು "ನಮಸ್ತೇ ಟೀಚರ್" ಎಂದು ಹುಡುಗರ ಹಾಗೆ ರಾಗ ಎಳೆದರು. ಅವ್ವ ಫೋನಿನಲ್ಲಿ ಅತ್ತೇಬಿಟ್ಟಳು. "ಎರಡೆರಡು ಅಕ್ಕೋರು ನನ್ನ ಮನ್ಯಾಗ!" ಅಂದಳು. ಆ ಅಳು ನಾಟಕವಾಗಿರಲಿಲ್ಲ ಎಂದು ಈಗಲೂ ನಂಬುತ್ತೇನೆ, ಅದಕ್ಕೇ ಹೆಚ್ಚು ಹೊಟ್ಟೆ ಉರಿಯುತ್ತದೆ.

ಕಾಲೇಜಿಗೆ ಹೋಗಿ ಮೂಲ ದಾಖಲೆ ಕೊಟ್ಟು ಹಾಜರಾಗಲು ಒಂದು ಕಡೆಯ ದಿನ ಕೊಟ್ಟಿದ್ದರು. ಅವತ್ತು ಹೋಗದಿದ್ದರೆ ಸೀಟು ಮುಂದಿನ ಸುತ್ತಿಗೆ, ಅಂದರೆ ಬೇರೆಯವರಿಗೆ. ಕಡೆಯ ದಿನ ಇಬ್ಬರೂ ಕೂಡಿ ಹೋಗೋಣ ಎಂದು ನಿಶ್ಚಯವಾಯಿತು, ಅದೂ ತಮ್ಮನ ಹೆಂಡತಿಯ ಮಾತೇ. ನಡುವಿನ ದಿನಗಳಲ್ಲಿ ನಾನು ತಯಾರಿ ನಡೆಸಿದೆ. ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಸೀರೆಯೇ ಸಮವಸ್ತ್ರ ಎಂದು ಕೇಳಿ, ಪಿನ್ನಿಲ್ಲದೆ ಜಾರುವ ನನ್ನ ನೆರಿಗೆಯನ್ನು ಬಿಗಿಯಾಗಿ ಹಿಡಿದು ಉಡುವ ರೂಢಿ ಮಾಡಿಕೊಂಡೆ. ಹಲಗೆಯ ಮೇಲೆ ಅಡುಗೆಯ ಹೆಸರಿನ ಬದಲು ಗೆರೆ ಓರೆಯಾಗದಂತೆ ವಾಕ್ಯ ಬರೆದು ನೋಡಿದೆ. ಸುಣ್ಣದಕಡ್ಡಿ ಕಿರುಗುಟ್ಟದಂತೆ ಹೇಗೆ ಹಿಡಿಯಬೇಕು ಅನ್ನುವುದೂ ಒಂದು ವಿದ್ಯೆಯೇ. ಮಗಳಿಗೂ ತಾಲೀಮು ಕೊಟ್ಟೆ. "ಅವ್ವ ಎಲ್ಲಿಗೆ?" ಅಂದರೆ "ಸಾಲಿಗೆ," "ನೀ ಎಲ್ಲಿರ್ತಿ?" ಅಂದರೆ "ಅಜ್ಜಿ ಕಡೆ." ತಪ್ಪದೆ ಹೇಳಿದರೆ ಒಂದು ಬೆಲ್ಲದ ಚೂರು. ಅವಳು ಬೆಲ್ಲದ ಆಸೆಗೆ ಕೇಳದಿದ್ದರೂ ಬಂದು ಹೇಳುತ್ತಿದ್ದಳು.

ಕಡೆಯ ದಿನದ ಹಿಂದಿನ ದಿನ ಟ್ರಂಕು ಕಟ್ಟಿದೆ. ಅತ್ತೆ ಶೇಂಗಾ ಚಟ್ನಿ ಕುಟ್ಟಿ ಕೊಟ್ಟರು. "ಅಲ್ಲೆ ನಿಮ್ಮವ್ವನ ಮ್ಯಾಲ ಎಲ್ಲಾ ಹೊರಿಸಬ್ಯಾಡ, ಸಂಜಿಗೆ ಬಂದು ಕೈ ಹಚ್ಚು" ಅಂದರು. ಗಂಡ ನಿದ್ದೆ ಬಿಟ್ಟು ಎದ್ದು ಟ್ರಂಕನ್ನು ಬಸ್ಸಿಗೆ ಏರಿಸಿದ.

ಮಾಳಮಡ್ಡಿಯ ಮನೆಯಲ್ಲಿ ಹಬ್ಬದ ವಾಸನೆ ಇತ್ತು. ಅವ್ವ ಗೋದಿ ಹುಗ್ಗಿ ಮಾಡಿದ್ದಳು. ನನ್ನ ಮಗಳ ಕೆನ್ನೆ ಹಿಂಡಿದಳು, ನನ್ನ ತಲೆ ಸವರಿದಳು, ಎಷ್ಟು ಸೊರಗೀಯವಾ ಅಂದಳು. ತಮ್ಮ ಕೋರ್ಟಿಗೆ ರಜೆ ಹಾಕಿ ಕೂತಿದ್ದ. ನಾನು ಟ್ರಂಕನ್ನು ಎಲ್ಲಿಡಲಿ ಎಂದು ಕೇಳಿದೆ. "ಇರ್ಲಿ ತಗೋ, ಅಲ್ಲೇ ಇರ್ಲಿ" ಅಂದಳು ಅವ್ವ. ಅದು ಬಾಗಿಲ ಹತ್ತಿರವೇ ಉಳಿಯಿತು. ಊಟಕ್ಕೆ ಕೂತಾಗ ತಮ್ಮನ ಹೆಂಡತಿಯನ್ನು ಕೇಳಿದೆ, "ನಿಮ್ಮವ್ವ ಯಾವಾಗ ಬರ್ತಾಳ?" ಅವಳು "ಬರ್ತಾಳ್ರಿ" ಎಂದು ತುಪ್ಪ ತರಲು ಒಳಗೆ ಹೋದವಳು ನನ್ನ ಊಟ ಮುಗಿಯುವ ತನಕ ಹೊರಗೆ ಬರಲಿಲ್ಲ. ತುಪ್ಪವನ್ನು ಅವ್ವನೇ ತಂದು ಬಡಿಸಿದಳು, ಕೈತುಂಬ ಬಡಿಸಿದಳು. ನಾನು ಹಸಿದಿದ್ದೆ, ಎರಡು ಸಲ ಹಾಕಿಸಿಕೊಂಡು ಉಂಡೆ.

ಊಟವಾದ ಮೇಲೆ ಅವ್ವ ದೇವರ ಮುಂದೆ ಮಣೆ ಹಾಕಿದಳು. "ಬಾರವಾ, ಇಲ್ಲೆ ಕುಂಡ್ರು" ಅಂದಳು. ನಾಳೆ ಕಾಲೇಜಿಗೆ ಹೊರಡುವವಳಿಗೆ ಕುಂಕುಮ ಹಚ್ಚುತ್ತಾಳೇನೋ ಅಂದುಕೊಂಡು ಹೋಗಿ ಕೂತೆ. ಒಳಗಿನಿಂದ ಅವ್ವ ತಾಟು ತಂದಳು. ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಸಿನ ಬೇರು, ಬಾಳೆಹಣ್ಣು, ಮಡಚಿಟ್ಟ ಒಂದು ಕುಪ್ಪಸದ ಖಣ.

ನಾನು ನಕ್ಕೆ. "ಅವ್ವ, ನಾ ಹೊಂಟಿಲ್ಲ. ಇರಾಕ ಬಂದೇನಿ. ಉಡಿ ಯಾಕ?"

ನಮ್ಮಲ್ಲಿ ತವರಿಗೆ ಬಂದ ಮಗಳು ಗಂಡನ ಮನೆಗೆ ಹೊರಟು ನಿಂತಾಗ ಉಡಿ ತುಂಬುತ್ತಾರೆ. ಅವಳು ಸೆರಗು ಒಡ್ಡುತ್ತಾಳೆ, ಅವ್ವ ಅದರಲ್ಲಿ ಅಕ್ಕಿ, ಕಾಯಿ, ಖಣ ಹಾಕುತ್ತಾಳೆ. ಉಡಿ ತುಂಬಿದ ಮೇಲೆ ಆ ಹೊತ್ತಿಗೆ ಮಗಳು ಹೊಸ್ತಿಲು ದಾಟಲೇಬೇಕು. ಇರಲು ಬಂದ ಮಗಳಿಗೆ ಬಂದ ದಿನವೇ ಉಡಿ ತುಂಬಿದವರನ್ನು ನಾನು ಕಂಡಿಲ್ಲ, ಕೇಳಿಲ್ಲ.

ಅವ್ವ ತಲೆ ಎತ್ತಲಿಲ್ಲ. "ಸೆರಗ ಹಿಡಿಯವಾ" ಅಂದಳು.

ನಾನು ತಮ್ಮನ ಕಡೆ ನೋಡಿದೆ. ಅವನು ಫೋನಿನಲ್ಲಿ ಏನೋ ಹುಡುಕುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಮಗನನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ಆಗ ನನಗೆ ಹುಗ್ಗಿ, ರಜೆ, ಬಾಗಿಲ ಹತ್ತಿರದ ಟ್ರಂಕು ಎಲ್ಲದರ ಅರ್ಥ ಒಮ್ಮೆಲೇ ಹೊಳೆಯಿತು.

"ಅವ್ವ, ಏನ್ ನಡಿಸೀರಿ ನೀವು?"

"ಎರಡು ಕೂಸು ನನ್ನ ಕಡಿಂದ ಆಗೂದಿಲ್ಲವಾ," ಅಂದಳು ಅವ್ವ, ಅದೇ ಬೆಲ್ಲದ ದನಿಯಲ್ಲಿ. "ಮೊಳಕಾಲ ಕೂತ್ರ ಏಳಾಕ ಬರೂದಿಲ್ಲ, ಎದ್ರ ಕೂಡಾಕ ಬರೂದಿಲ್ಲ. ಈ ವರ್ಷ ಇಕಿದು ಆಗ್ಲಿ. ಮುಂದಿನ ವರ್ಷ ನೀ ಮಾಡೀಯಂತ."

"ಇಕಿ ಅವ್ವ ಬರ್ತಾಳಂದಿದ್ಲಲ್ಲ?"

ನಾನು ಅಲ್ಲೇ, ಮಣೆಯ ಮೇಲೆ ಕೂತಿದ್ದಂತೆಯೇ, ಮುಗದಕ್ಕೆ ಫೋನು ಹಚ್ಚಿದೆ. ಎಲ್ಲರಿಗೂ ಕೇಳಲಿ ಎಂದು ದನಿ ದೊಡ್ಡದು ಮಾಡಿದೆ. ತಮ್ಮನ ಹೆಂಡತಿ "ಅಕ್ಕಾ, ಬ್ಯಾಡ್ರಿ" ಅಂದಳು. ಅವಳ ಅವ್ವ ಹೊಲದಲ್ಲಿದ್ದರು, ಹಿಂದೆ ಯಂತ್ರದ ಸದ್ದು. ನೀವು ಮೊಮ್ಮಗನ್ನ ನೋಡ್ಕೊಳ್ಳಾಕ ಯಾವಾಗ ಬರ್ತೀರಿ ಎಂದು ಕೇಳಿದೆ.

"ನಾ ಎಲ್ಲಿ ಬರ್ಲೆವಾ? ಭತ್ತದ ಕೊಯ್ಲು ನಡದೈತಿ, ಮನ್ಯಾಗ ದನಾ ಅದಾವು. ನಿಮ್ಮವ್ವಾರ ನೋಡ್ಕೋತಾರಲ್ಲ. ಅರ್ಜಿ ಹಾಕೂಕಿಂತ ಮೊದಲ ಆ ಮಾತಾಗೇತಿ. ಯಾಕ, ಅವರಿಗೆ ಆರಾಮಿಲ್ಲೇನು?"

ಪಾಪ, ಆ ತಾಯಿಗೆ ಏನೂ ಗೊತ್ತಿರಲಿಲ್ಲ. ಆರಾಮ ಅದಾರ್ರಿ ಎಂದು ಹೇಳಿ ಫೋನು ಇಟ್ಟೆ.

ಅರ್ಜಿ ಹಾಕುವುದಕ್ಕಿಂತ ಮೊದಲು! ಅಂದರೆ ನಾನು ಮುಗದದ ಬಸ್ಸಿನಲ್ಲಿ ಕೂತಿದ್ದಾಗ ಇವರಿಗೆ ಗೊತ್ತಿತ್ತು. ನಾನು ಸಾಲಿನಲ್ಲಿ ನಿಂತಿದ್ದಾಗ ಗೊತ್ತಿತ್ತು. ಎರಡೆರಡು ಅಕ್ಕೋರು ಎಂದು ಅವ್ವ ಅತ್ತಾಗಲೂ ಗೊತ್ತಿತ್ತು. ನನ್ನನ್ನು ಕಡೆಯ ದಿನದ ತನಕ ಎಳೆದದ್ದೂ ಸುಮ್ಮನೆ ಅಲ್ಲ. ಮೊದಲೇ ಹೇಳಿದ್ದರೆ ನಾನು ಓಡಾಡುವುದನ್ನು ಬಿಟ್ಟುಬಿಡುತ್ತಿದ್ದೆ, ಆಗ ಅವಳ ಕಾಗದ ಜೋಡಿಸುವವರು ಯಾರು? ನನಗೆ ಸಿಟ್ಟು ನೆತ್ತಿಗೇರಿತು. ಏನೇನು ಅಂದೆನೋ, ಎಲ್ಲ ನೆನಪಿಲ್ಲ. ನನ್ನ ಮಗಳು ಹೆದರಿ ಟ್ರಂಕಿನ ಹಿಂದೆ ಹೋಗಿ ಕೂತಳು.

"ನಿನ್ನ ಮನಸ್ಸು ಹ್ಯಾಂಗ ನೋಯಿಸಲಿ ಅಂತ ಹೇಳಲಿಲ್ಲವಾ," ಅಂದಳು ಅವ್ವ. ಕಣ್ಣು ಒರೆಸಿಕೊಂಡಳು. "ಹೇಳಬೇಕಂತ ಬಾಯಿಗೆ ಬರ್ತಿತ್ತು. ನಿನ್ನ ಮಾರಿ ನೋಡಿದ್ರ ಹೊಳ್ಳಿ ಹೋಗ್ತಿತ್ತು."

ತಮ್ಮ ಆಗ ಫೋನಿನಿಂದ ತಲೆ ಎತ್ತಿದ. ಅವನಿಗೆ ಅವ್ವನ ನಾಲಿಗೆ ಬಂದಿಲ್ಲ, ಅದೊಂದು ಪುಣ್ಯ. "ನೋಡಕ್ಕಾ, ಸುಮ್ನ ಯಾಕ ಒದರ್ತಿ? ಸೀದಾ ಹೇಳ್ತೇನಿ. ನೀ ಕಲತ್ರ ಉಣಕಲ್ಲಿನವರಿಗೆ, ಇಕಿ ಕಲತ್ರ ಈ ಮನಿಗೆ. ಅವ್ವ ಇರೂದು ಈ ಮನ್ಯಾಗ."

"ಹೌದಲ್ಲ ಅವ್ವ?" ಎಂದು ಕೇಳಿದೆ. ಅವನ ಮಾತನ್ನು ಬಿಟ್ಟು ಬಿಡು, ಹುಡುಗ ಏನೋ ಅಂದ ಎಂದು ಅವಳು ಹೇಳಬಹುದಿತ್ತು. ಆ ಒಂದು ಮಾತಿಗಾಗಿ ನಾನು ಕಾದೆ. ಅವ್ವ ತಾಟಿನ ಅಕ್ಕಿಯನ್ನು ಬೆರಳಿನಿಂದ ಸಮ ಮಾಡುತ್ತ "ಹೊತ್ತಾತು, ಸೆರಗ ಹಿಡಿ" ಅಂದಳು.

ನಾನು ಎದ್ದು ಹೋಗಬೇಕಿತ್ತು, ಆ ತಾಟನ್ನು 'ನೀನ ಇಟ್ಕೋ' ಎಂದು ಸರಿಸಬೇಕಿತ್ತು. ಉಡಿಯನ್ನು ಬೇಡ ಅನ್ನುವುದು ನಮ್ಮ ಹೆಣ್ಣುಮಕ್ಕಳಿಗೆ ಬರುವುದಿಲ್ಲ. ಅಷ್ಟು ಸಿಟ್ಟಿನಲ್ಲೂ ಕೈ ತಾನಾಗಿ ಸೆರಗು ಒಡ್ಡಿತು. ಅವ್ವ ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದಳು. ಕಾಯಿ ಇಟ್ಟಳು, ಖಣ ಇಟ್ಟಳು, ಹಣ್ಣು ಇಟ್ಟಳು. ಜೀವನದಲ್ಲಿ ಎಂದೂ ಅಷ್ಟು ತುಂಬಿರಲಿಲ್ಲ, ಸೆರಗು ಜಗ್ಗುತ್ತಿತ್ತು. ಹಣೆಗೆ ಕುಂಕುಮ ಹಚ್ಚುವಾಗ ಅವಳ ಬೆರಳು ತಣ್ಣಗಿತ್ತು. ನನ್ನ ಮಗಳಿಗೂ ಹಚ್ಚಿದಳು.

ಉಡಿ ತುಂಬಿಸಿಕೊಂಡ ಮಗಳು ಏಳುವ ಮೊದಲು ತನ್ನ ಸೆರಗಿನಿಂದ ನಾಲ್ಕು ಕಾಳು ತೆಗೆದು ಹೊಳ್ಳಿ ತಾಟಿಗೆ ಹಾಕಬೇಕು. ನನ್ನದಷ್ಟೇ ಅಲ್ಲ, ನನ್ನ ತವರೂ ತುಂಬಿರಲಿ ಎಂದು ಅದರ ಅರ್ಥ. ಮದುವೆಯಾದಾಗಿನಿಂದ ಪ್ರತಿ ಸಲ ನಾನು ಹಾಕಿದ್ದೇನೆ, ಹಾಕುವಾಗ ಕಣ್ಣು ಮುಚ್ಚಿ ತಮ್ಮನ ಹೆಸರು ನೆನೆದಿದ್ದೇನೆ. ಅವ್ವ ಖಾಲಿ ತಾಟನ್ನು ನನ್ನ ಮುಂದೆ ಹಿಡಿದು ನಿಂತಳು.

ನಾನು ಸೆರಗನ್ನು ಸೊಂಟಕ್ಕೆ ಗಂಟು ಹಾಕಿದೆ. ಒಂದು ಕೈಯಲ್ಲಿ ಮಗಳು, ಒಂದು ಕೈಯಲ್ಲಿ ಟ್ರಂಕು. "ಕಾಳು ಹಾಕವಾ" ಅಂದಳು ಅವ್ವ. ನಾನು ಹೊಸ್ತಿಲು ದಾಟಿದೆ. "ಕಾಳು ಹಾಕಿ ಹೋಗ" ಎಂದು ಇನ್ನೊಮ್ಮೆ ಕೇಳಿಸಿತು. ತಮ್ಮನ ಹೆಂಡತಿ ಮೆಟ್ಟಿಲ ತನಕ ಓಡಿ ಬಂದು "ಅಕ್ಕಾ, ಸಿಟ್ಟಾಗಬ್ಯಾಡ್ರಿ, ನನ್ನ ಕೈಯಾಗ ಏನೂ ಇಲ್ರಿ" ಎಂದು ಅತ್ತಳು. ಅವಳ ಕೈಯಲ್ಲಿ ಏನೂ ಇರಲಿಲ್ಲ ಅನ್ನುವುದು ಸುಳ್ಳು. ಆದರೆ ಅವಳ ಮೇಲೆ ನನಗೆ ಬಂದ ಸಿಟ್ಟು ಬಸ್ಸು ಹತ್ತುವ ಹೊತ್ತಿಗೇ ಕರಗಿತ್ತು. ಅವಳು ನನಗೆ ಯಾರು? ಹೊರಗಿನಿಂದ ಬಂದವಳು, ತನ್ನ ದಾರಿ ನೋಡಿಕೊಂಡಳು. ಅವ್ವನ ಮೇಲಿನದು ಕರಗಲಿಲ್ಲ.

ಉಣಕಲ್ಲಿನಲ್ಲಿ ಇಳಿದು ಮನೆಗೆ ಬಂದಾಗ ಅತ್ತೆ ಮರುದಿನದ ಕಾಳು ನೆನೆಹಾಕುತ್ತಿದ್ದರು. ಟ್ರಂಕು ನೋಡಿದರು, ತುಂಬಿದ ಸೆರಗು ನೋಡಿದರು. ಕೇಳಲಿಲ್ಲ. ನಾನೇ ಎಲ್ಲ ಹೇಳಿದೆ, ಹೇಳುತ್ತ ಹೇಳುತ್ತ ಬಿಕ್ಕಿದೆ. ಪೂರ್ತಿ ಕೇಳಿ ಅತ್ತೆ ಒಂದೇ ಮಾತಂದರು, "ಆಗಂಗಿಲ್ಲ ಅಂತ ಮೊದಲ ಹೇಳಿದ್ರ ನೀ ಬ್ಯಾರೆ ದಾರಿ ನೋಡ್ತಿದ್ದಿ." ಆಮೇಲೆ ಮಗಳನ್ನು ಕರೆದುಕೊಂಡು ಹೋಗಿ ಊಟ ಮಾಡಿಸಿದರು. ಕೂಸನ್ನು ನಾನು ನೋಡಿಕೊಳ್ಳುತ್ತೇನೆ, ನೀನು ನಾಳೆ ಹೋಗು ಎಂದು ಅತ್ತೆ ಅಂದಾರೇನೋ ಎಂದು ನಾನು ಒಳಗೊಳಗೇ ಕಾದೆ. ಅನ್ನಲಿಲ್ಲ. ಅವರು ಹೇಳಬೇಕಾದ್ದನ್ನು ಮೊದಲ ದಿನವೇ ಹೇಳಿಯಾಗಿತ್ತು. ಗಂಡ "ಹೋಗ್ಲಿ ಬಿಡು, ಆ ವಿಷಯ ಇನ್ನ ಮುಗೀತು" ಅಂದ. ನಮ್ಮ ಮನೆಯಲ್ಲಿ ಒಮ್ಮೆ ಕೊಟ್ಟ ಪರವಾನಗಿಯನ್ನು ಎರಡನೇ ಸಲ ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಮುಂದಿನ ವರ್ಷ ಅನ್ನುವುದು ಅವ್ವನ ಬಾಯಲ್ಲಿ ಮಾತ್ರ ಇತ್ತು.

ಮರುದಿನ ಬೆಳಿಗ್ಗೆ ಎದ್ದು ರೊಟ್ಟಿ ಬೇಯಿಸಿದೆ. ಮಧ್ಯಾಹ್ನ ಎಲ್ಲರಿಗೂ ಬಡಿಸಿದೆ. ಟೆಂಪೋದವನೊಬ್ಬ "ಯಾಕ್ರಿ ಅಕ್ಕೋರ, ಸಾಲಿಗೆ ಸೂಟೀ ಏನು?" ಎಂದು ಕೇಳಿ, ಅತ್ತೆಯಿಂದ "ಬಾಯಿ ಮುಚ್ಕೊಂಡು ಉಣ್ಣೋ ಮೂಳ" ಎಂದು ಬೈಸಿಕೊಂಡ. ಸಂಜೆ ಕಾಲೇಜಿನ ಕಚೇರಿ ಮುಚ್ಚುವ ಹೊತ್ತಾದಾಗ ನಾನು ಪಾತ್ರೆ ತಿಕ್ಕುತ್ತಿದ್ದೆ. ಗಡಿಯಾರ ನೋಡಬಾರದು ಅಂದುಕೊಂಡಿದ್ದೆ, ನೋಡಿದೆ. ನನ್ನ ಸೀಟು ಯಾರಿಗೆ ಹೋಯಿತೋ ಗೊತ್ತಿಲ್ಲ. ಯಾರಾದರೂ ಬಡವರ ಹೆಣ್ಣುಮಗಳಿಗೆ ಹೋಗಿದ್ದರೆ ಅವಳಾದರೂ ಪಾರಾಗಲಿ. ತಮ್ಮನ ಹೆಂಡತಿ ಅವತ್ತೇ ಹಾಜರಾದಳಂತೆ. ಈಗ ಸೀರೆ ಉಟ್ಟು, ಛತ್ರಿ ಹಿಡಿದು ಮಾಳಮಡ್ಡಿಯಿಂದ ನಡೆದು ಹೋಗುತ್ತಾಳೆ, ಅವ್ವ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಾಳೆ ಎಂದು ನೆಂಟರೊಬ್ಬರು ಬಂದು ಹೇಳಿದರು. ನನಗೆ ಖುಷಿಯಾಗಲಿ ಎಂದೇ ಹೇಳಿದರು.

ನಾನಾಗಿ ಫೋನು ಮಾಡಲಿಲ್ಲ. ಕೆಲವು ತಿಂಗಳು ಬಿಟ್ಟು ಅವ್ವನೇ ಮಾಡಿದಳು. ಆರಾಮ ಏನು, ಕೂಸು ಆರಾಮ ಏನು ಎಂದು ಕೇಳಿದಳು. ಬಿಸಿಲಿನ ಬಗ್ಗೆ ಹೇಳಿದಳು, ಮೊಳಕಾಲಿಗೆ ಹೊಸ ಎಣ್ಣೆ ತಂದದ್ದನ್ನು ಹೇಳಿದಳು. ನಾನು ಹೂಂ ಅನ್ನುತ್ತ ಕೇಳುತ್ತಿದ್ದೆ. ಈಗ ಕೇಳುತ್ತಾಳೆ, ನಿನ್ನ ಸೀಟು ಹೋಯಿತಲ್ಲವಾ, ನನ್ನಿಂದ ಹಿಂಗಾತಲ್ಲ ಎಂದು ಈಗ ಅನ್ನುತ್ತಾಳೆ ಎಂದು ಕಾಯುತ್ತಿದ್ದೆ. ಅಂದಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ, ಎಲ್ಲ ಮರೆತುಬಿಡುತ್ತಿದ್ದೆ. ಅವ್ವ ದನಿ ಇಳಿಸಿದಳು.

"ಅಂದ ನೀ ಕಾಳು ಹಾಕದ ಹೋದಿ ನೋಡವಾ. ಮಗಳು ಹಂಗ ಹೋದ್ರ ಮನಿಗೆ ಛಲೋ ಅಲ್ಲ. ನನಗ ಅದ ಚಿಂತಿ ಹತ್ತೇತಿ. ಇಕಿದು ಪರೀಕ್ಷಾ ಬ್ಯಾರೆ ಬಂತು. ಒಂದು ಸಲ ಬಂದು ನಾಕು ಕಾಳು ಹಾಕಿ ಹೋಗವಾ."

"ಹಾಕೂದಿಲ್ಲ, ಅವ್ವ" ಅಂದೆ.

"ಹಲೋ? ಏನಂದಿ? ಕೇಳಸಲಿಲ್ಲ ನೋಡು, ಹಲೋ?" ಅಂದಳು. ಅವಳಿಗೆ ಕೇಳಿಸಿತ್ತು. ಅವಳ ಉಸಿರು ನನಗೆ ಕೇಳಿಸುತ್ತಿತ್ತು. ನಾನು ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು, ಅಕ್ಷರ ಬಿಡಿಸಿ ಬಿಡಿಸಿ ಇನ್ನೊಮ್ಮೆ ಹೇಳಿದೆ.